ವಾಷರು ಯಾರ ಮನೆಯ ಕೂಸು

ನಮ್ಮ ಉಗ್ರಾಣದಲ್ಲಿ ಒಂದು ವಸ್ತುವನ್ನು ಹುಡುಕಲು ಬಹಳ ಕಾಲ ಒಂದೇ ಉಪಾಯವಿತ್ತು: ಬಾಗಿಲಲ್ಲಿ ನಿಂತು ನನ್ನ ಅತ್ತಿಗೆಯನ್ನು ಕೂಗುವುದು. ಕೂಗಿದರೆ ಪೈಪಿನ ತಿರುವಿಗೆ ಹಾಕುವ ಅರ್ಧ ಇಂಚಿನ ಎಲ್ಬೋ ಕೈಗೆ ಬರುತ್ತಿತ್ತು, ಅದರ ಹಿಂದೆಯೇ ಎರಡು ಮಾತೂ ಬರುತ್ತಿದ್ದವು. ಎಲ್ಬೋ ಬೇಡವೆಂದರೆ ಹಿಂದಿರುಗಿಸಬಹುದಿತ್ತು. ಮಾತನ್ನು ಹಿಂದಿರುಗಿಸಿದವರನ್ನು ನಾನು ಕಂಡಿಲ್ಲ.

ನಮ್ಮದು ನಲ್ಲಿಗಳ ಮತ್ತು ಅವುಗಳ ಬಿಡಿಭಾಗಗಳ ಅಂಗಡಿ. ಮುಂದೆ ಅಂಗಡಿ, ಹಿಂದೆ ಉಗ್ರಾಣ, ಮೇಲೆ ಮನೆ. ಮೂರನ್ನೂ ಒಂದು ಕಡಿದಾದ ಮೆಟ್ಟಿಲು ಕೂಡಿಸುತ್ತದೆ. ಮುಂದುಗಡೆ ನನ್ನ ಅಣ್ಣ ಗಿರಾಕಿಗಳೊಡನೆ ಹರಟುತ್ತಾನೆ, ಅದನ್ನು ವ್ಯಾಪಾರವೆಂದು ಕರೆಯುತ್ತಾನೆ. ಪಕ್ಕದ ಮೇಜಿನಲ್ಲಿ ನಾನು ಬಿಲ್ಲು ಬರೆಯುತ್ತೇನೆ. ಉಗ್ರಾಣ ಮಾತ್ರ ಅತ್ತಿಗೆಯದು. ಮದುವೆಯಾಗಿ ಬಂದ ಹೊಸತರಲ್ಲಿ, ಊಟ ಆರಿಹೋಗುತ್ತಿದೆಯೆಂದು ಗಂಡನನ್ನು ಕರೆಯಲು ಕೆಳಗಿಳಿದು ಬಂದವರು, ಅವನು ಮಂಡಿಯೂರಿ ಹುಡುಕುತ್ತಿದ್ದ ಪೈಪಿನ ಮುಚ್ಚಳವನ್ನು ಅವನ ಮಂಡಿಯ ಕೆಳಗಿನಿಂದಲೇ ತೆಗೆದುಕೊಟ್ಟರು. ಆ ದಿನದಿಂದ ಅವರು ಮೇಲೆ ಹೋದದ್ದು ಮಲಗಲು ಮಾತ್ರ. ಅಡುಗೆಮನೆ, ಹಸಿವಾದವರ ಪಾಲಿಗೆ ಬಿತ್ತು. ಕೊಳಾಯಿ ಮೇಸ್ತ್ರಿಗಳು ಅವರನ್ನು ಉಗ್ರಾಣದಕ್ಕ ಎಂದು ಕರೆಯತೊಡಗಿದರು, ಮತ್ತು ಅತ್ತಿಗೆ ಆ ಬಿರುದನ್ನು ಬಂಗಾರದ ಬಳೆಯಂತೆ ಧರಿಸಿದರು.

ಅವರ ಉಗ್ರಾಣದಲ್ಲಿ ಯಾವುದಕ್ಕೂ ಚೀಟಿ ಇರಲಿಲ್ಲ. ಆದರೆ ಎಲ್ಲದಕ್ಕೂ ಹೆಸರಿತ್ತು, ಸ್ವಭಾವವಿತ್ತು, ಪೂರ್ವಚರಿತ್ರೆಯಿತ್ತು. ಸಿಂಕಿನ ಕೆಳಗೆ ಬಾಗಿ ಕೂರುವ ದಪ್ಪ ಕೊಳವೆಗೆ ಡೊಳ್ಳುಹೊಟ್ಟೆ. ಅತ್ತಿತ್ತ ತಿರುಗುವ ಉದ್ದ ಮೂತಿಯ ನಲ್ಲಿಗೆ ಪಕ್ಕದಮನೆ ನೋಡೋಳು. ಎಷ್ಟು ಬಿಗಿದರೂ ಹನಿಯುವ ಒಂದು ಅಗ್ಗದ ಜಾತಿಯ ನಲ್ಲಿಗೆ ಅವರಿಟ್ಟಿದ್ದ ಹೆಸರು, ನಮ್ಮ ಬಂಧುಬಳಗದಲ್ಲಿ ಸಣ್ಣ ಮಾತಿಗೂ ಅಳುವ ಒಬ್ಬರಿಗೆ ಸಂಬಂಧಪಟ್ಟದ್ದಾದ್ದರಿಂದ ಇಲ್ಲಿ ಬರೆಯಲಾರೆ. ಜೋಡಿಸುವ ಕ್ರಮವೂ ಅವರದೇ. ಬೇಗ ಖರ್ಚಾಗುವ ಸಾಮಾನು ಕತ್ತಲ ಮೂಲೆಯಲ್ಲಿ, ಯಾರೂ ಕೇಳದ ಸಾಮಾನು ಅವರ ಸ್ಟೂಲಿನ ಎದುರಿನಲ್ಲೇ. ಕಾರಣ ಕೇಳಿದರೆ, ಓಡುವ ಸಾಮಾನಿಗೆ ಹೇಗೂ ಕಾಲಿದೆ, ಕೂತದ್ದನ್ನಾದರೂ ನಾವು ನೋಡಿಕೊಳ್ಳಬೇಡವೇ ಎನ್ನುತ್ತಿದ್ದರು.

ಒಮ್ಮೆ ಅವರಿಗೆ ಜ್ವರ ಬಂತು. ಅಣ್ಣ ಗಿರಾಕಿ ತಂದ ಹಳೆಯ ತುಂಡನ್ನು ಹಿಡಿದು ಮೆಟ್ಟಿಲೇರಿ ಅವರ ಹಾಸಿಗೆಯ ಪಕ್ಕ ನಿಲ್ಲುವುದು, ಅವರು ಕಣ್ಣು ಮುಚ್ಚಿಕೊಂಡೇ ಬೆರಳಿನಿಂದ ಅದನ್ನು ಸವರಿ ಯಾವ ಮೂಲೆ, ಯಾವ ಡಬ್ಬಿಯ ಹಿಂದೆ ಎಂದು ಹೇಳುವುದು, ಅವನು ಇಳಿಯುವುದು, ಸಿಗದೆ ಮತ್ತೆ ಏರುವುದು. ಸಂಜೆಯ ವೇಳೆಗೆ ಜ್ವರ ಅತ್ತಿಗೆಯದೋ ಅಣ್ಣನದೋ ಎಂದು ವೈದ್ಯರಿಗೇ ಅನುಮಾನ ಬರುವಂತಿತ್ತು. ಕೊನೆಗೆ ಅವರು ಕಂಬಳಿ ಹೊದ್ದುಕೊಂಡೇ ಕೆಳಗೆ ಬಂದು ಸ್ಟೂಲಿನ ಮೇಲೆ ಕುಳಿತರು. ತಾವಿಲ್ಲದೆ ಕೈಕಾಲಾಡದ ಅಂಗಡಿಯನ್ನು ಕಂಡು ಅವರಿಗೆ ಜ್ವರ ಅರ್ಧ ಇಳಿಯಿತು.

ಈ ವ್ಯವಸ್ಥೆ ಅಲುಗಾಡಿದ್ದು ಅವರ ಮಗಳಿಂದ. ಅವಳು ಗಂಡನೊಂದಿಗೆ ಬೇರೆ ಊರಿನಲ್ಲಿದ್ದಾಳೆ. ರೈಲಿನಲ್ಲಿ ಒಂದು ಹಗಲಿನ ಪ್ರಯಾಣ. ಚೊಚ್ಚಲ ಹೆರಿಗೆ ಹತ್ತಿರವಾಗಿತ್ತು. ಪ್ರಯಾಣ ಬೇಡವೆಂದು ವೈದ್ಯರು ಹೇಳಿದ್ದರಿಂದ ಅವಳು ತವರಿಗೆ ಬರುವಂತಿರಲಿಲ್ಲ. ಅತ್ತಿಗೆ ವಾರಕ್ಕೊಮ್ಮೆ ಬರುತ್ತೇನೆ ಎನ್ನುವರು, ವಾರಕ್ಕೊಮ್ಮೆ ಮುಂದೂಡುವರು. ಒಂದು ಮಧ್ಯಾಹ್ನ ಅವಳು ಫೋನು ಮಾಡಿದಳು. ಅತ್ತಿಗೆಯ ಎರಡೂ ಕೈಯಲ್ಲಿ ವಾಲ್ವುಗಳಿದ್ದುದರಿಂದ ಫೋನನ್ನು ನಾನೇ ಹಿಡಿದಿದ್ದೆ, ಮತ್ತು ಆ ಸಂಭಾಷಣೆ ಇಡೀ ಉಗ್ರಾಣಕ್ಕೆ ಕೇಳಿಸಿತು.

"ಅಮ್ಮ, ನನ್ನ ಸ್ಕೂಲಿನ ನಾಟಕಕ್ಕೆ ನೀನು ಬರಲಿಲ್ಲ, ಲೋಡು ಬಂದಿತ್ತು. ಕಾಲೇಜು ಮುಗಿದ ದಿನ ಬರಲಿಲ್ಲ, ಸ್ಟಾಕ್ ಎಣಿಸ್ತಿದ್ದೆ. ಈಗಲೂ ಬರದಿದ್ರೆ ಮಗುಗೆ ನಿನ್ನ ಫೋಟೋ ತೋರಿಸಿ, ಇವರು ನಲ್ಲಿ ಅಂಗಡಿಯವರು ಅಂತ ಹೇಳ್ತೀನಿ."

"ಅಲ್ಲಿ ನಿಮ್ಮತ್ತೆ ಇದ್ದಾರಲ್ಲ," ಎಂದರು ಅತ್ತಿಗೆ. "ಅವರ ಮನೆ ಮಗು, ಅವರು ನೋಡ್ಕೋತಾರೆ. ನಾನು ಬಂದು ಮಧ್ಯೆ ಎಲ್ಲಿ ನಿಲ್ಲಲಿ?"

ಮಗಳು, "ಹಾಗಾದ್ರೆ ನಾನು ಯಾರ ಮನೆಯವಳು?" ಎಂದು ಕೇಳಿ ಫೋನಿಟ್ಟಳು.

ಅತ್ತಿಗೆ ಏನೂ ಆಗದವರಂತೆ ಕೆಲಸ ಮುಂದುವರಿಸಿದರು. ಮರುದಿನ ಶವರಿನ ಡಬ್ಬಿಯಲ್ಲಿ ವಾಲ್ವುಗಳು ಸಿಕ್ಕವು. ಬೇರೆಯವರ ವಿಷಯದಲ್ಲಿ ಅದು ಅಜಾಗರೂಕತೆ. ನನ್ನ ಅತ್ತಿಗೆಯ ವಿಷಯದಲ್ಲಿ ಅದನ್ನು ಬಿಕ್ಕಿಬಿಕ್ಕಿ ಅತ್ತದ್ದು ಎಂದೇ ತಿಳಿಯಬೇಕು. ನಾನು ಆ ವಾಲ್ವುಗಳನ್ನು ಸದ್ದಿಲ್ಲದೆ ಅವರ ಮುಂದಿಟ್ಟೆ. ಅವರು ನೋಡಿದರು. "ನಾನು ಹೋಗ್ಬೇಕು," ಎಂದರು. "ಅಂಗಡಿಗೆ ಏನಾದ್ರೂ ಮಾಡು."

ಮಾಡಬೇಕಾದ್ದೇನೆಂದು ನನಗೆ ಗೊತ್ತಿತ್ತು. ಪ್ರತಿಯೊಂದು ವಸ್ತುವಿಗೂ ಒಂದು ಕೋಡ್ ಬೇಕು, ಅದು ಚಿಕ್ಕದಾಗಿರಬೇಕು, ಉಗ್ರಾಣವನ್ನೇ ಕಾಣದವನೂ ಅದನ್ನು ಓದಿ ಡಬ್ಬಿಗೆ ಕೈ ಹಾಕುವಂತಿರಬೇಕು. ಸಂಜೆ ತರಗತಿಗಳಲ್ಲಿ ನಾನು ಓದಿದ ವಾಣಿಜ್ಯಶಾಸ್ತ್ರದಲ್ಲಿ ಇದಕ್ಕೊಂದು ಅಧ್ಯಾಯವೇ ಇತ್ತು. ಕೋಡುಗಳನ್ನು ನಾನೇ ಬರೆದುಕೊಡುತ್ತೇನೆ ಎಂದೆ.

"ನಾನು ಹೆತ್ತ ಮಕ್ಕಳ ಹೆಸರನ್ನ ನಾದಿನಿ ತೊಟ್ಟಿಲಲ್ಲಿ ಕೂಗಬಹುದು, ಆರಿಸೋಳೂ ಅವಳೇನಾ?" ಎಂದರು ಅತ್ತಿಗೆ. "ಪೆನ್ನು ಕೊಡು."

ಅವರ ಮೊದಲ ಪ್ರಯತ್ನ ಪಾಂಡಿತ್ಯದ ಭಾರದಿಂದಲೇ ಕುಸಿಯಿತು. ಒಂದು ವಸ್ತುವಿನ ಬಗ್ಗೆ ತಮಗೆ ತಿಳಿದದ್ದನ್ನೆಲ್ಲ ಅವರು ಅದರ ಕೋಡಿನಲ್ಲಿ ತುಂಬಿದರು: ಯಾವ ಲೋಹ, ಎಷ್ಟು ಅಳತೆ, ಯಾರು ತಂದದ್ದು, ಯಾವ ಕಪಾಟು, ಎಷ್ಟನೆಯ ಸಾಲು, ಗುಣ ಹೇಗೆ. ಬೆರಳಿನ ಉಗುರಿನಷ್ಟು ರಬ್ಬರ್ ಉಂಗುರಕ್ಕೆ ಅಂಗೈಯಗಲದ ಚೀಟಿ ಬಂತು. ಅಣ್ಣ ಒಂದು ಕೋಡನ್ನು ಗಟ್ಟಿಯಾಗಿ ಓದಿ ಮುಗಿಸುವಷ್ಟರಲ್ಲಿ ಗಿರಾಕಿ ಹೊರಗೆ ಹೋಗಿ ಚಹಾ ಕುಡಿದು ಬಂದ. ಅದು ಸಾಲದೆಂಬಂತೆ ಅತ್ತಿಗೆ ಎಂದಿನಂತೆ ಎರಡು ಕಪಾಟುಗಳನ್ನು ಅದಲುಬದಲು ಮಾಡಿದರು. ಆ ಕ್ಷಣದಿಂದ ಅಲ್ಲಿದ್ದ ಅಷ್ಟೂ ಚೀಟಿಗಳು ಸುಳ್ಳು ಹೇಳತೊಡಗಿದವು. ಮನೆ ಬದಲಿಸಿದವರು ಹೆಸರನ್ನೂ ಬದಲಿಸುತ್ತಾರೆಯೇ, ಕೋಡಿನಲ್ಲಿ ವಿಳಾಸ ಬರೆಯಬಾರದು ಎಂದು ನಾನು ಹೇಳಿದೆ. ಅವರು ಮೂಗು ಮುರಿದರು, ಆದರೆ ಚೀಟಿಗಳನ್ನು ಕಿತ್ತರು.

ಎರಡನೆಯ ಪ್ರಯತ್ನ ನಿಜಕ್ಕೂ ಸೊಗಸಾಗಿತ್ತು, ಮೆಚ್ಚಬೇಕಾದ್ದನ್ನು ಮೆಚ್ಚಬೇಕು. ಅತ್ತಿಗೆ ಇಡೀ ಉಗ್ರಾಣವನ್ನು ಸಂಸಾರಗಳಾಗಿ ವಿಂಗಡಿಸಿದರು. ಪ್ರತಿಯೊಂದು ಬಗೆಯ ನಲ್ಲಿಯೂ ಒಂದು ಮನೆ, ಮನೆಗೊಂದು ಅಕ್ಷರ. ಗೋಡೆಯ ನಲ್ಲಿಗೆ ಗ, ಸಿಂಕಿನದಕ್ಕೆ ಸ, ತೋಟದ ನಲ್ಲಿಗೆ ತ. ಅಣ್ಣನ ಕೈಬರಹದಲ್ಲಿ ಅವಳಿಜವಳಿಯಂತೆ ಕಾಣುವ ಪ, ಷ, ವ ಮುಂತಾದವನ್ನು ಪೂರ್ತಿ ಕೈಬಿಟ್ಟರು. ಆಮೇಲೆ ಮನೆಯೊಳಗೆ ಹಿರಿತನದ ಪ್ರಕಾರ ಅಂಕಿ. ಯಜಮಾನನಾದ ನಲ್ಲಿ 1, ಅದರ ಹಿಡಿ 2, ಒಳಗೆ ತಿರುಗುವ ಸ್ಪಿಂಡಲ್ 3, ನೀರು ಸೋರದಂತೆ ಒಳಗೆ ಬಿಗಿದು ಕೂರುವ, ಎಲ್ಲರಿಗಿಂತ ಕಿರಿಯ ವಾಷರು 4. ಸಿಂಕಿನ ನಲ್ಲಿಯ ಹಿಡಿ ಬೇಕೇ? ಸ-2. ಅಷ್ಟೇ. ಅಣ್ಣನೇ ಅರ್ಧ ದಿನದಲ್ಲಿ ಕಲಿತುಬಿಟ್ಟ. ತನ್ನ ಹೆಂಡತಿಯ ಬುದ್ಧಿಯನ್ನು ಬಂದ ಗಿರಾಕಿಗಳ ಮುಂದೆಲ್ಲ ಹೊಗಳಿದ, ಮತ್ತು ಹೊಗಳುವ ಭರದಲ್ಲಿ ಅವರಲ್ಲಿ ಕೆಲವರಿಗೆ ಸಾಮಾನು ಕೊಡುವುದನ್ನೇ ಮರೆತ. ಅತ್ತಿಗೆಯ ರೈಲಿನ ಟಿಕೆಟ್ ಬಂತು. ಪೆಟ್ಟಿಗೆ ಅಟ್ಟದಿಂದಿಳಿಯಿತು.

ಅವರು ಹೊರಡಬೇಕಾದ ದಿನದ ಹಿಂದಿನ ಬೆಳಿಗ್ಗೆ ಅಂಗಡಿಯ ಮುಂದೆ ಒಂದು ಟೆಂಪೋ ನಿಂತಿತು. ಚಾಲಕ ಪೆಟ್ಟಿಗೆಗಳನ್ನು ಇಳಿಸತೊಡಗಿದ, ನಿಲ್ಲಿಸುವಂತೆಯೇ ಕಾಣಲಿಲ್ಲ. ಎಲ್ಲವೂ ವಾಷರುಗಳು. ಊರಿನ ಅಷ್ಟೂ ನಲ್ಲಿಗಳು ಒಂದೇ ದಿನ ಸೋರಲು ನಿರ್ಧರಿಸಿದರೂ ಮುಗಿಯದಷ್ಟು ಅರ್ಧ ಇಂಚಿನ ವಾಷರುಗಳು.

ತರಿಸಿದವನು ಅಣ್ಣ. ಅವನ ತಪ್ಪೆನ್ನಲು ನನಗೆ ಬಾಯಿ ಬರಲಿಲ್ಲ. ಗ-4 ಡಬ್ಬಿ ಖಾಲಿಯಾಗತೊಡಗಿತ್ತು, ತರಿಸಿದ. ತ-4 ತಳ ಕಂಡಿತ್ತು, ತರಿಸಿದ. ಹಾಗೆಯೇ ಇನ್ನೂ ಹಲವು ಮನೆಗಳ 4. ಇಷ್ಟರಲ್ಲಿ ಸ-4 ಡಬ್ಬಿ ತುಂಬಿ ತುಳುಕುತ್ತಿತ್ತು, ಯಾರೂ ಅದರತ್ತ ನೋಡಿರಲಿಲ್ಲ. ನಮ್ಮ ಹೆಚ್ಚಿನ ನಲ್ಲಿಗಳಿಗೆ ಹಾಕುವುದು ಒಂದೇ ವಾಷರು. ಅದು ಅತ್ತಿಗೆಗೆ ಗೊತ್ತಿಲ್ಲದ್ದೇನಲ್ಲ. ಆದರೂ ಅದನ್ನು ಒಂದೊಂದು ಸಂಸಾರಕ್ಕೆ ಬೇರೆಬೇರೆಯಾಗಿ ಹಂಚಿ, ಒಂದೊಂದು ಕಡೆ ಒಂದೊಂದು ಕೋಡ್ ಕೊಟ್ಟು, ಬೇರೆಬೇರೆ ಡಬ್ಬಿಗಳಲ್ಲಿ ಕೂರಿಸಿದ್ದರು. ಒಂದೇ ವಸ್ತು ಒಂದು ಡಬ್ಬಿಯಲ್ಲಿ ಮುಗಿದು, ಇನ್ನೊಂದರಲ್ಲಿ ಉಕ್ಕುತ್ತಾ, ಕಾಗದದ ಮೇಲೆ ಹತ್ತಾರು ವಸ್ತುಗಳಾಗಿ ಮೆರೆಯುತ್ತಿತ್ತು. ಅವರು ಕಣ್ಣೆದುರಿಗಿದ್ದಾಗ ಯಾವ ಡಬ್ಬಿಯಿಂದ ಬೇಕಾದರೂ ತೆಗೆದುಕೊಟ್ಟು ಸರಿದೂಗಿಸುತ್ತಿದ್ದರು. ಕೋಡಿಗೆ ಆ ಜಾಣತನ ಎಲ್ಲಿಂದ ಬರಬೇಕು?

ಅಣ್ಣ ಪೆಟ್ಟಿಗೆಗಳ ಮೇಲೆಯೇ ಕುಳಿತುಬಿಟ್ಟ. ಹೋಗಬೇಡ ಎಂದು ಅವನು ಹೇಳಲಿಲ್ಲ. ನೀನಿರುವಾಗಲೇ ಹೀಗಾದರೆ ಎಂದಷ್ಟೇ ಹೇಳಿ, ವಾಕ್ಯವನ್ನು ಮುಗಿಸದೆ ಬಿಟ್ಟ. ಅತ್ತಿಗೆ ಮೇಲೆ ಹೋದರು. ಇಳಿದು ಬಂದಾಗ, ಪ್ರಯಾಣದ ಪೆಟ್ಟಿಗೆ ಮತ್ತೆ ಅಟ್ಟ ಸೇರಿದೆ ಎಂದು ಅವರ ಮುಖ ನೋಡಿಯೇ ತಿಳಿಯಿತು.

"ಎಲ್ಲ ವಾಷರಿಗೂ ಒಂದೇ ಡಬ್ಬಿ, ಒಂದೇ ಕೋಡ್ ಕೊಡಿ, ನಾಳೆ ಹೊರಡಿ," ಎಂದೆ ನಾನು.

"ಅದು ಹೇಗೆ ಒಂದೇ ಆಗುತ್ತೆ? ಗೋಡೆ ನಲ್ಲಿ ಕೂಸು ಗೋಡೆ ನಲ್ಲಿ ಮನೇಲಿರ್ಬೇಕು. ಇವತ್ತು ಇಲ್ಲಿ, ನಾಳೆ ಅಲ್ಲಿ ಅಂತ ಅಲೆಯೋದಕ್ಕೆ ಅದಕ್ಕೇನು ಹೆತ್ತವರಿಲ್ವಾ? ಒಂದು ಮಗು ಎರಡು ಮನೆದಾಗುತ್ತಾ?"

ಈ ಮಾತು ಬರೀ ರಬ್ಬರಿನ ಬಗ್ಗೆ ಅಲ್ಲವೆಂದು ನನಗೆ ಅನ್ನಿಸಿತು. ಆದರೆ ಉಗ್ರಾಣದಲ್ಲಿ ಹೊರಗಿನವರೊಬ್ಬರು ನಿಂತಿದ್ದರು. ನಮ್ಮ ಹಳೆಯ ಗಿರಾಕಿಯಾದ ಮೇಸ್ತ್ರಿ, ಬಾಯಲ್ಲಿ ಸದಾ ಒಂದು ಕಡ್ಡಿ ಕಚ್ಚಿಕೊಂಡಿರುವವರು, ಟೆಂಪೋ ನೋಡುವ ಕುತೂಹಲಕ್ಕೆ ಒಳಗೆ ಬಂದಿದ್ದರು. ಅವರು ಗ, ಸ, ತ ಮೂರೂ ಮನೆಗಳ ಡಬ್ಬಿಗಳಿಂದ ಉಳಿದ ವಾಷರುಗಳನ್ನು ಒಂದೊಂದು ತೆಗೆದು, ಬೊಗಸೆಯಲ್ಲಿ ಕುಲುಕಿ, ಅತ್ತಿಗೆಯ ಮುಂದೆ ಅಂಗೈ ಚಾಚಿದರು.

"ಅಕ್ಕ, ಜ್ವರದಲ್ಲೂ ಕಣ್ಣು ಮುಚ್ಚಿ ಹೇಳೋರು ನೀವು. ಯಾವುದು ಯಾರ ಮನೇದು, ಹೇಳಿ ನೋಡೋಣ."

ಅತ್ತಿಗೆ ಒಂದನ್ನು ಎತ್ತಿಕೊಂಡರು. ಬೆರಳ ತುದಿಯಲ್ಲಿ ಸುತ್ತಲೂ ಸವರಿದರು. ಬೆಳಕಿಗೆ ಹಿಡಿದರು. ಇನ್ನೊಂದನ್ನು ಎತ್ತಿಕೊಂಡರು. ಒಂದರ ಮೇಲೊಂದಿಟ್ಟು ಉಗುರಿನಿಂದ ಅಂಚು ನೋಡಿದರು. ಅಷ್ಟು ವರ್ಷಗಳಲ್ಲಿ ಉಗ್ರಾಣದಲ್ಲಿ ಅವರು ಉತ್ತರವಿಲ್ಲದೆ ನಿಂತದ್ದನ್ನು ನಾನು ನೋಡಿರಲಿಲ್ಲ. ಮೇಸ್ತ್ರಿ ಸಭ್ಯರು, ಕಡ್ಡಿಯನ್ನು ಬಾಯಿಯ ಆ ಮಗ್ಗುಲಿನಿಂದ ಈ ಮಗ್ಗುಲಿಗೆ ಸರಿಸಿ, ಗೋಡೆಯತ್ತ ನೋಡಿದರು.

ಅವರನ್ನು ಹಾಗೆ ನಿಲ್ಲಲು ಬಿಡುವುದು ನನಗೆ ಸರಿಕಾಣಲಿಲ್ಲ. ನನ್ನ ಬದುಕಿನ ವಿವರ ಇಲ್ಲಿ ಒಂದೇ ವಾಕ್ಯದಷ್ಟು ಬೇಕು: ನಾನು ಮದುವೆಯಾಗಿಲ್ಲ, ಅಣ್ಣನ ಮನೆಯಲ್ಲಿದ್ದೇನೆ, ಮತ್ತು ಬಂಧುಗಳಲ್ಲಿ ಯಾರಿಗೆ ಕಾಯಿಲೆಯಾದರೂ ಯಾರ ಮಗು ಗಣಿತದಲ್ಲಿ ಮುಗ್ಗರಿಸಿದರೂ ನನಗೇ ಕರೆ ಬರುತ್ತದೆ.

"ಅತ್ತಿಗೆ," ಎಂದೆ, "ನನ್ನನ್ನು ಯಾವ ಡಬ್ಬಿಗೆ ಹಾಕ್ತೀರಿ?"

ಅವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ನಿನ್ನನ್ನಾ? ನೀನು ಯಾವ ಡಬ್ಬೀಲಿ ಕೂರೋಳು? ಎಲ್ಲರ ಮನೆಗೂ ಬೇಕು. ಹೋದ ಮನೇಲೆಲ್ಲ ಬಿಗಿಯೋದೊಂದೇ ಕೆಲಸ."

"ಅವಳಿಲ್ಲದಿದ್ರೆ ಸೋರುತ್ತೆ ಅಂತಾನೂ ಹೇಳು," ಎಂದ ಅಣ್ಣ, ಪೆಟ್ಟಿಗೆಗಳ ಮೇಲಿನಿಂದ.

"ಹಾಗಾದ್ರೆ ನನ್ನ ಹೆಸರಲ್ಲೊಂದು ಮನೆ ಮಾಡಿ," ಎಂದೆ. "ಎಲ್ಲರ ಮನೆಗೂ ಹೋಗೋರು ಅಲ್ಲಿರಲಿ."

ಅತ್ತಿಗೆ ವಾಷರುಗಳನ್ನು ಅಂಗೈಯಲ್ಲಿ ಇನ್ನೊಮ್ಮೆ ಉರುಳಿಸಿದರು. ನಗು ಮೊದಲು ಬಂದದ್ದು ಅವರ ಭುಜಗಳಿಗೆ, ಮುಖಕ್ಕೆ ತಲುಪಲು ಸ್ವಲ್ಪ ತಡವಾಯಿತು. ಪೆನ್ನು ಕೇಳಿದರು. ಒಂದು ದೊಡ್ಡ ಡಬ್ಬಿಯ ಮೇಲೆ, ಅವರ ಮಗಳು ನನ್ನನ್ನು ಕರೆಯುವ ಸಂಬಂಧದ ಮೊದಲ ಅಕ್ಷರವನ್ನು ಬರೆದರು: ಅತ್ತೆಯ ಅ. ವಾಷರು ಅ-1 ಆಯಿತು. ಆಮೇಲೆ ಅವರನ್ನು ಹಿಡಿಯುವವರೇ ಇರಲಿಲ್ಲ. ರಬ್ಬರ್ ಉಂಗುರ, ದಾರದ ಉಂಡೆ, ಅಂಟಿನ ಟೇಪು, ನಾಲ್ಕು ಜಾತಿಯ ತಿರುಪು, ಎಲ್ಲರ ಮನೆಯಲ್ಲೂ ಹಂಚಿಹೋಗಿದ್ದ ಬಡಪಾಯಿಗಳೆಲ್ಲ ಸಂಜೆಯೊಳಗೆ ಅ ಮನೆಗೆ ಬಂದು ಸೇರಿದವು. ಯಾವ ನಲ್ಲಿಗೆ ಯಾವ ಅತ್ತೆಯರು ಬೇಕೆಂಬುದನ್ನು ಆ ನಲ್ಲಿಯ ಡಬ್ಬಿಯ ಮೇಲೆಯೇ ಸಣ್ಣದಾಗಿ ಬರೆದರು. ಒಂದು ವಸ್ತುವಿಗೆ ಒಂದೇ ಕೋಡ್, ಒಂದು ಕೋಡಿಗೆ ಒಂದೇ ವಸ್ತು. ನನ್ನ ಪಠ್ಯಪುಸ್ತಕದಲ್ಲಿಯೂ ಇದೇ ಇತ್ತು, ಅತ್ತೆಯರ ಪ್ರಸ್ತಾಪವೊಂದನ್ನು ಬಿಟ್ಟು.

ಮರುದಿನ ಬೆಳಿಗ್ಗೆ ಪರೀಕ್ಷೆ ನಡೆಯಿತು. ಅತ್ತಿಗೆ ಮೆಟ್ಟಿಲಿನ ಮೇಲೆ ಕುಳಿತು ಬಾಯಿಗೆ ಸೆರಗು ಅಡ್ಡ ಹಿಡಿದುಕೊಳ್ಳಬೇಕು, ಮೇಸ್ತ್ರಿ ಕೇಳಬೇಕು, ಅಣ್ಣ ಹುಡುಕಬೇಕು. ಮೇಸ್ತ್ರಿ ಸುಲಭದಿಂದ ಆರಂಭಿಸಿ, ಕ್ರಮೇಣ ತಮ್ಮ ವೃತ್ತಿಜೀವನದಲ್ಲಿ ಯಾರಿಗೂ ಬೇಕಾಗಿರದ ಸಾಮಾನುಗಳನ್ನು ಕೇಳತೊಡಗಿದರು. ಅಣ್ಣ ಕೋಡ್ ಗೊಣಗಿಕೊಂಡು ಹೋಗಿ, ಎಲ್ಲವನ್ನೂ ತಂದ. ಒಂದು ಸಲ ಮಾತ್ರ ತಪ್ಪು ಕಪಾಟಿನ ಮುಂದೆ ನಿಂತು ತಲೆ ಕೆರೆದುಕೊಂಡ. ಮೆಟ್ಟಿಲಿನಿಂದ ಒಂದು ಉಸಿರು ಕೇಳಿಸಿತು, ಕುದಿಯುವ ಪಾತ್ರೆಯ ಮುಚ್ಚಳ ಎದ್ದಂತೆ. ಆದರೆ ಮಾತು ಬರಲಿಲ್ಲ. ಅವನೇ ಚೀಟಿ ನೋಡಿ ಪಕ್ಕದ ಕಪಾಟಿಗೆ ಸರಿದ.

ಅತ್ತಿಗೆ ಎದ್ದು ಮೇಲೆ ಹೋದರು. ಅಟ್ಟದಲ್ಲಿ ಪೆಟ್ಟಿಗೆ ಎಳೆದ ಸದ್ದಾಯಿತು. ನಿಲ್ದಾಣದಲ್ಲಿ ರೈಲಿನ ಕಿಟಕಿಯಿಂದ ಅವರು ನನಗೆ ಹೇಳಿದ್ದು ಒಂದೇ ಮಾತು: "ಅಲ್ಲಿ ಅವರಮ್ಮ ಇರ್ತಾರೆ, ಅಳಿಯನ ಅಮ್ಮ. ಜಗಳ ಆದ್ರೆ ವಾಪಸ್ ಬರ್ತೀನಿ." ಜಗಳವಾಡುವ ಮೊದಲು ಬೀಗಿತ್ತಿಯನ್ನೊಮ್ಮೆ ಮಾತನಾಡಿಸಿ ನೋಡಿ ಎಂದೆ. ನನ್ನ ಸಲಹೆಯನ್ನು ಅವರು ಎಂದಿನಂತೆ ಕಿಟಕಿಯ ಹೊರಗೇ ಬಿಟ್ಟು ಹೋದರು.

ಮಗು ಅವರು ತಲುಪಿದ ಮೇಲೆಯೇ ಹುಟ್ಟಿತು. ಹೆಣ್ಣು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂಬುದಷ್ಟೇ ಸುದ್ದಿ, ಅದೂ ಅಳಿಯನ ಬಾಯಿಂದ. ಅಣ್ಣ ಇನ್ನು ಹೆಂಡತಿಯ ಫೋನಿಗೆ ಕಾಯತೊಡಗಿದ. ಗಿರಾಕಿಗಳೊಡನೆ ಹರಟುವಾಗಲೂ ಫೋನನ್ನು ಅಂಗೈಯಲ್ಲೇ ಹಿಡಿದಿರುತ್ತಿದ್ದ. ಅತ್ತಿಗೆ ಮಾಡಿದರು, ಮಾಡಲಿಲ್ಲವೆಂದಲ್ಲ. ಆದರೆ ಮಾಡಿದಾಗಲೆಲ್ಲ ಕೂದಲು ಎಷ್ಟು ದಟ್ಟ, ಆಕಳಿಕೆ ಎಷ್ಟು ಅಗಲ ಎಂಬ ವಿಷಯಗಳೇ. ಉಗ್ರಾಣ ಹೇಗಿದೆ ಎಂದು ಒಂದು ಮಾತೂ ಇಲ್ಲ. ಅಂಗಡಿ ಸರಾಗವಾಗಿ ನಡೆಯುತ್ತಿತ್ತು. ವಾಷರುಗಳ ಗುಡ್ಡವೂ ನಿಧಾನವಾಗಿ ಕರಗುತ್ತಿತ್ತು. ಇದೆಲ್ಲ ತನಗೆ ಮಾಡಿದ ಅವಮಾನವೆಂಬಂತೆ ಅಣ್ಣನ ಮುಖ ದಿನದಿಂದ ದಿನಕ್ಕೆ ಗಂಟಾಗುತ್ತಿತ್ತು.

ಕೊನೆಗೆ ಒಂದು ಮಧ್ಯಾಹ್ನ ಅವನೇ ಫೋನು ಮಾಡಿದ. ಸಿಂಕಿನ ನಲ್ಲಿಯ ಹಿಡಿ ಸಿಗುತ್ತಿಲ್ಲ, ಗಿರಾಕಿ ಕಾಯುತ್ತಿದ್ದಾನೆ, ಇಡೀ ಉಗ್ರಾಣ ತಡಕಾಡಿದ್ದಾಯಿತು ಎಂದ. ಹಿಡಿಗಾಗಿ ಕಾಯುವ ಗಿರಾಕಿ ಯಾರೂ ಇರಲಿಲ್ಲ. ಹಿಡಿ ಅವನ ಎಡಗೈಯಲ್ಲಿತ್ತು. ಅದರಿಂದಲೇ ಅವನು ಬೆನ್ನು ತುರಿಸಿಕೊಳ್ಳುತ್ತಿದ್ದ.

"ಸ-2," ಎಂದರು ಅತ್ತಿಗೆ. "ಅಲ್ಲಿಲ್ಲ ಅಂದ್ರೆ ನಿಮ್ಮ ಕೈಯಲ್ಲೇ ಇರುತ್ತೆ, ನೋಡ್ಕೊಳ್ಳಿ."

ಅಣ್ಣ ಹಿಡಿಯನ್ನು ತಟ್ಟನೆ ಮೇಜಿನ ಮೇಲಿಟ್ಟ. ಯಾವಾಗ ಬರುತ್ತೀ ಎಂದು ಕೇಳಿದ. ಆ ಕಡೆಯಿಂದ ಇನ್ನೊಬ್ಬ ಹೆಂಗಸಿನ ದನಿ ಏನೋ ಹೇಳಿತು, ಅತ್ತಿಗೆ ಅದಕ್ಕೆ ನಕ್ಕರು. ಉಗ್ರಾಣದಲ್ಲಿ ಅಪರೂಪಕ್ಕೆ ಕೇಳಿದ್ದ ನಗು ಅದು.

"ಬೀಗಿತ್ತಿ ಮಗೂನ ಕೊಡ್ತಾ ಇದ್ದಾರೆ, ಈಗ ತಗೊಳ್ಳದಿದ್ರೆ ಮತ್ತೆ ಸಂಜೆವರೆಗೂ ಬಿಡಲ್ಲ. ಮಹಾ ಜಿಗುಟು ಹೆಂಗಸು, ನನ್ನ ಹಾಗೇ. ಇನ್ನೂ ಒಂದು ತಿಂಗಳು ಇರಿ ಅಂತಿದ್ದಾರೆ, ಇರ್ತೀನಿ. ಮಗುಗೆ ಎರಡು ಮನೆಯವರೂ ಬೇಕಂತೆ. ಇಡ್ತೀನಿ ರೀ, ಕೈ ಖಾಲಿಯಿಲ್ಲ."

ಅಣ್ಣ ಫೋನನ್ನು ಮೇಜಿನ ಮೇಲಿಟ್ಟು ನನ್ನತ್ತ ದುರುಗುಟ್ಟಿದ, ಒಂದು ತಿಂಗಳು ಎಂಬುದಕ್ಕೆ ನಾನೇ ಕಾರಣವೆಂಬಂತೆ. ಊಟಕ್ಕೆ ಏನಿದೆ ಎಂದು ಕೇಳಿದ. ಹಸಿವಾದವರು ಅಡುಗೆಮನೆಗೆ ಹೋಗಬಹುದು ಎಂದು ಹೇಳಿ, ನಾನು ಮುಂದಿನ ಗಿರಾಕಿಯ ಬಿಲ್ಲು ಬರೆಯತೊಡಗಿದೆ.